ಮರಣ ಪತ್ರದಲ್ಲಿ ಇಲ್ಲದ ಕಾರಣ: ಭೀಮಾ ತೀರದ ಒಂದು ಊರಿನ ಕೋವಿಡ್ ಪರಿಹಾರ ಹೋರಾಟ

ವಿಜಯಪುರ ಜಿಲ್ಲೆಯ ಉತ್ತರ ಗಡಿಯಲ್ಲಿ, ಭೀಮಾ ನದಿಯ ಈಚೆ ದಂಡೆಗಿರುವ ಒಂದು ಊರಿನ ಜನ 2021ರ ಮಳೆಗಾಲದಿಂದ 2022ರ ಬೇಸಿಗೆಯವರೆಗೆ ನಡೆಸಿದ ಹೋರಾಟವೊಂದನ್ನು ಈ ಬರಹ ಪರಿಶೀಲಿಸುತ್ತದೆ. ಕೋವಿಡ್‌ನ ಎರಡನೆಯ ಅಲೆಯಲ್ಲಿ ತೀರಿಕೊಂಡವರ ಕುಟುಂಬಗಳಿಗೆ ಸರ್ಕಾರ ಘೋಷಿಸಿದ ಪರಿಹಾರ ಧನ ಕೈಸೇರುವಂತೆ ಮಾಡುವುದು ಅದರ ಉದ್ದೇಶವಾಗಿತ್ತು. ಅರ್ಜಿ ಬರೆದುಕೊಡುವ, ದಾಖಲೆ ಹೊಂದಿಸುವ ಕೆಲಸದಲ್ಲಿ ನಾನೂ ಜೊತೆಗಿದ್ದುದರಿಂದ ಇದು ದೂರ ನಿಂತು ನೋಡಿದವರ ವರದಿಯಲ್ಲ. ಊರಿನ ಹೆಸರನ್ನೂ ಕುಟುಂಬಗಳ ಹೆಸರುಗಳನ್ನೂ ಇಲ್ಲಿ ಕೊಟ್ಟಿಲ್ಲ. ಸೋಂಕು ತಗುಲಿದ ಮನೆಯವರನ್ನು ಊರು ಆ ದಿನಗಳಲ್ಲಿ ಹೇಗೆ ದೂರ ಇಟ್ಟಿತ್ತು ಎಂಬುದನ್ನು ಅವರಲ್ಲಿ ಹಲವರು ಇನ್ನೂ ಮರೆತಿಲ್ಲ.

ಹಣವೂ ಇತ್ತು, ಆದೇಶವೂ ಇತ್ತು. ಆದರೂ ಅದು ಮನೆ ಮುಟ್ಟದಂತೆ ತಡೆದದ್ದು, ಸಾವಿಗೆ ಕೋವಿಡ್ ಕಾರಣವೆಂದು ಸಾಬೀತುಪಡಿಸುವ ಹೊಣೆಯನ್ನು ಸತ್ತವರ ಮನೆಯವರ ತಲೆಯ ಮೇಲೆ ಹೊರಿಸಿದ ಕ್ರಮ ಎಂಬುದು ನನ್ನ ಖಚಿತ ಅಭಿಪ್ರಾಯ. ಜನರ ಹೋರಾಟಕ್ಕೆ ಫಲ ಸಿಕ್ಕಿದ್ದು ಕೂಡ ಈ ಒಂದು ಗಂಟನ್ನು ಅವರು ಗುರುತಿಸಿದ ಮೇಲೆಯೇ.

ಊರು ಮತ್ತು ಗಡಿ

ಈ ಭಾಗದ ಊರುಗಳಿಗೆ ಜಿಲ್ಲಾ ಕೇಂದ್ರಕ್ಕಿಂತ ಮಹಾರಾಷ್ಟ್ರದ ಸೊಲ್ಲಾಪುರವೇ ಹತ್ತಿರ. ಬಟ್ಟೆ ಖರೀದಿ, ಬೀಗತನ, ದವಾಖಾನೆ ಎಲ್ಲಕ್ಕೂ ಜನ ಮೊದಲಿನಿಂದ ಆ ಕಡೆಗೇ ಹೋಗಿ ಬರುತ್ತಾರೆ. ಮಹಾರಾಷ್ಟ್ರದಿಂದ ಬರುವವರು ಆರ್‌ಟಿಪಿಸಿಆರ್ ನೆಗೆಟಿವ್ ವರದಿ ತೋರಿಸಬೇಕೆಂಬ ನಿಯಮ 2021ರ ಫೆಬ್ರುವರಿಯಲ್ಲಿ ಜಾರಿಗೆ ಬಂದು ಧೂಳಖೇಡದ ಚೆಕ್‌ಪೋಸ್ಟ್‌ನಲ್ಲಿ ತಪಾಸಣೆ ಬಿಗಿಯಾದಾಗಲೂ ರೋಗಿಗಳನ್ನು ಆಚೆ ಒಯ್ಯುವುದು ನಿಲ್ಲಲಿಲ್ಲ. ಉಸಿರು ಸಿಗದೆ ಒದ್ದಾಡುವ ಮನುಷ್ಯನನ್ನು ಜೀಪಿಗೆ ಹಾಕಿಕೊಂಡು ಹೊರಟವರು ರಾಜ್ಯದ ಗಡಿಯನ್ನು ಲೆಕ್ಕಕ್ಕೆ ಹಿಡಿಯಲಾರರು.

ಏಪ್ರಿಲ್ 27ರಿಂದ ರಾಜ್ಯದಲ್ಲಿ ನಿರ್ಬಂಧಗಳು ಬಂದವು, ಮೇ 10ರಿಂದ ಅವು ಇನ್ನಷ್ಟು ಬಿಗಿಯಾದವು. ಊರಿನಲ್ಲಿ ಸಾವುಗಳು ಸಾಲಾಗಿ ಸಂಭವಿಸಿದ್ದು ಆ ದಿನಗಳಲ್ಲಿಯೇ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗಂಟಲು ದ್ರವ ಕೊಟ್ಟರೆ ಫಲಿತಾಂಶ ಬರುವಷ್ಟರಲ್ಲಿ ದಿನಗಳು ಉರುಳುತ್ತಿದ್ದವು. ಕಾಯಲಾಗದವರು ನೇರವಾಗಿ ಎದೆಯ ಸಿಟಿ ಸ್ಕ್ಯಾನ್ ಮಾಡಿಸಿ, ಪುಪ್ಪುಸಕ್ಕೆ ಎಷ್ಟು ಸೋಂಕು ತಗುಲಿದೆಯೆಂದು ತೋರಿಸುವ ಅದರ ಅಂಕ ನೋಡಿ ಚಿಕಿತ್ಸೆ ಆರಂಭಿಸುತ್ತಿದ್ದರು. ಇದರಿಂದಾಗಿ ಒಂದೇ ಊರಿನ ಒಂದೇ ರೋಗದ ಸಾವುಗಳು ಕಾಗದದ ಮೇಲೆ ಬೇರೆ ಬೇರೆ ರೂಪದಲ್ಲಿ ಉಳಿದವು. ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಪಾಸಿಟಿವ್ ಎಂದು ದಾಖಲಾಗಿ ತೀರಿಕೊಂಡವರಿಗೆ ರಾಜ್ಯ ಆರೋಗ್ಯ ಇಲಾಖೆ ಕೊಟ್ಟ ರೋಗಿ ಸಂಖ್ಯೆ, ಅಂದರೆ ಜನ ‘ಪಿ ನಂಬರ್’ ಎನ್ನುತ್ತಿದ್ದ ಸಂಖ್ಯೆ, ಇತ್ತು. ಸೊಲ್ಲಾಪುರದಲ್ಲಿ ತೀರಿಕೊಂಡವರಿಗೆ ಅದು ಇರಲಿಲ್ಲ. ಅವರ ಮರಣ ನೋಂದಣಿಯೂ ಕಾನೂನಿನಂತೆ ಸಾವು ಸಂಭವಿಸಿದ ಸ್ಥಳದಲ್ಲೇ ಆಗಿ, ಮನೆಯವರ ಕೈಯಲ್ಲಿ ಮರಾಠಿಯ ಪ್ರಮಾಣಪತ್ರವಿತ್ತು. ಗುಣವಾಯಿತೆಂದು ಬಿಡುಗಡೆಯಾಗಿ ಮನೆಗೆ ಬಂದು, ಎರಡು ವಾರ ಕಳೆಯುವ ಮೊದಲೇ ಪುಪ್ಪುಸದ ತೊಂದರೆಯಿಂದ ಸತ್ತವರ ಕಾಗದಗಳಲ್ಲಿ ಕೊನೆಯ ವರದಿ ನೆಗೆಟಿವ್ ಇತ್ತು. ಮನೆಯಲ್ಲೇ ತೀರಿಕೊಂಡವರ ಹೆಸರಿನಲ್ಲಿ ಒಂದು ಸ್ಕ್ಯಾನ್ ಫಿಲ್ಮ್ ಮತ್ತು ಔಷಧದ ಚೀಟಿಗಳ ಹೊರತು ಏನೂ ಇರಲಿಲ್ಲ.

ಘೋಷಣೆ ಮತ್ತು ಮೊದಲ ಮನವಿ

ಬಡತನ ರೇಖೆಗಿಂತ ಕೆಳಗಿರುವ ಕುಟುಂಬದಲ್ಲಿ ದುಡಿಯುವ ವಯಸ್ಕರೊಬ್ಬರು ಕೋವಿಡ್‌ನಿಂದ ಸತ್ತಿದ್ದರೆ ಒಂದು ಲಕ್ಷ ರೂಪಾಯಿ ಕೊಡುವುದಾಗಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 2021ರ ಜೂನ್ 14ರಂದು ಘೋಷಿಸಿದರು. ಅದೇ ತಿಂಗಳ 30ರಂದು ಸುಪ್ರೀಂ ಕೋರ್ಟ್, ಕೋವಿಡ್ ಸಾವುಗಳಿಗೆ ಕನಿಷ್ಠ ಪರಿಹಾರದ ಮಾರ್ಗಸೂಚಿ ರೂಪಿಸುವಂತೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ನಿರ್ದೇಶನ ನೀಡಿತು. ಪ್ರಾಧಿಕಾರವು ಸೆಪ್ಟೆಂಬರಿನಲ್ಲಿ ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ 50,000 ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿತು. ಹೀಗಾಗಿ ಬಿಪಿಎಲ್ ಕುಟುಂಬವೊಂದಕ್ಕೆ ಕರ್ನಾಟಕದಲ್ಲಿ ಒಟ್ಟು ಒಂದೂವರೆ ಲಕ್ಷ ದೊರೆಯುವ ಸಾಧ್ಯತೆ ಹುಟ್ಟಿತು. ಕಬ್ಬಿನ ಗ್ಯಾಂಗಿನಲ್ಲಿ ದುಡಿಯುತ್ತಿದ್ದ ಗಂಡನನ್ನು ಕಳೆದುಕೊಂಡ ಮನೆಗೆ ಆ ಮೊತ್ತವೆಂದರೆ ಮುಂಗಡವಾಗಿ ತೆಗೆದುಕೊಂಡ ಉಚಲಿಯನ್ನೂ ಆಸ್ಪತ್ರೆಗೆಂದು ಮಾಡಿದ ಕೈಗಡವನ್ನೂ ತೀರಿಸುವ ಹಣ.

ಜುಲೈ ತಿಂಗಳಲ್ಲಿ ಊರಿನವರು ತಾಲ್ಲೂಕು ಕಚೇರಿಗೆ ಹೋಗಿ ಕೊಟ್ಟ ಮೊದಲ ಮನವಿಯಲ್ಲಿ ಪರಿಹಾರದ ಬೇಡಿಕೆ ಹಲವು ಬೇಡಿಕೆಗಳ ನಡುವೆ ಒಂದಾಗಿತ್ತು. ಆರೋಗ್ಯ ಕೇಂದ್ರಕ್ಕೆ ಪೂರ್ಣಾವಧಿ ವೈದ್ಯರು ಬೇಕು, ಆಂಬುಲೆನ್ಸ್ ಬೇಕು, ನಿಂತುಹೋದ ಬಸ್ಸು ಮತ್ತೆ ಬಿಡಬೇಕು, 2020ರ ಅಕ್ಟೋಬರಿನಲ್ಲಿ ಭೀಮಾ ನದಿಗೆ ಬಂದ ಮಹಾಪೂರದಲ್ಲಿ ಬಿದ್ದ ಮನೆಗಳ ಬಾಕಿ ಕಂತು ಬಿಡುಗಡೆಯಾಗಬೇಕು ಎಂಬವೂ ಅದೇ ಹಾಳೆಯಲ್ಲಿದ್ದವು. ಎಲ್ಲವೂ ನ್ಯಾಯವಾದ ಬೇಡಿಕೆಗಳೇ. ಆದರೆ ಅವುಗಳಲ್ಲಿ ಒಂದು ಆರೋಗ್ಯ ಇಲಾಖೆಗೆ, ಇನ್ನೊಂದು ಸಾರಿಗೆ ನಿಗಮಕ್ಕೆ, ಮತ್ತೊಂದು ವಸತಿ ಯೋಜನೆಗೆ ಸೇರಿದ್ದು. ಮನವಿ ಸ್ವೀಕರಿಸಿದ ಅಧಿಕಾರಿಗಳು ಅದನ್ನು ಆಯಾ ಇಲಾಖೆಗಳಿಗೆ ‘ಮುಂದಿನ ಕ್ರಮಕ್ಕಾಗಿ’ ಕಳುಹಿಸಿದರು. ಮನವಿ ಕೊಡುತ್ತಿರುವ ಚಿತ್ರ ಪತ್ರಿಕೆಯಲ್ಲಿ ಬಂತು, ಕೆಲಸ ಮಾತ್ರ ಅಲ್ಲಿಗೇ ನಿಂತಿತು. ನಮ್ಮ ಕಡೆಯ ಮನವಿಗಳಲ್ಲಿ ಬಹುಪಾಲು ಹೀಗೆಯೇ ಇರುತ್ತವೆ. ಯಾವ ಅಧಿಕಾರಿ ಯಾವ ಕಾಗದಕ್ಕೆ ಸಹಿ ಹಾಕಬೇಕು ಎಂಬುದನ್ನು ಅವು ಹೇಳುವುದಿಲ್ಲ, ಹೀಗಾಗಿ ಯಾರೂ ಉತ್ತರ ಕೊಡಬೇಕಾಗಿ ಬರುವುದಿಲ್ಲ.

ಕಾಗದಗಳನ್ನು ಹರಡಿ ಕುಳಿತದ್ದು

ಕೆಲಸದ ದಿಕ್ಕು ಬದಲಾದದ್ದು ನಿವೃತ್ತ ಶಿಕ್ಷಕರೊಬ್ಬರು ಮತ್ತು ಸ್ವಸಹಾಯ ಸಂಘದ ಕೆಲವು ಮಹಿಳೆಯರು ಮನೆಮನೆಯ ಪಟ್ಟಿ ಮಾಡಲು ನಿರ್ಧರಿಸಿದಾಗ. ಭಾನುವಾರಗಳಂದು ಕನ್ನಡ ಶಾಲೆಯ ಪಡಸಾಲೆಯಲ್ಲಿ ಕುಳಿತು, ಸತ್ತವರ ಮನೆಯವರನ್ನು ಕರೆಸಿ, ಅವರ ಬಳಿಯಿರುವ ಎಲ್ಲ ಕಾಗದಗಳನ್ನು ಜಮಖಾನೆಯ ಮೇಲೆ ಹರಡಿಸಿ ನೋಡಲಾಯಿತು. ಆಧಾರ್, ಪಡಿತರ ಚೀಟಿ, ಬ್ಯಾಂಕಿನ ಪಾಸ್‌ಬುಕ್, ದವಾಖಾನೆಯ ಬಿಲ್ಲು, ಆಮ್ಲಜನಕದ ಸಿಲಿಂಡರ್ ಬಾಡಿಗೆ ತಂದ ಚೀಟಿ, ಮೊಬೈಲಿಗೆ ಬಂದ ಸಂದೇಶ ಎಲ್ಲವನ್ನೂ ನೋಡಿ, ಪ್ರತಿ ಮನೆಗೆ ಯಾವುದು ಇದೆ, ಯಾವುದು ಇಲ್ಲ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಾಯಿತು. ಪಿ ನಂಬರ್ ಇದೆಯೆಂದು ಗೊತ್ತೇ ಇಲ್ಲದ ಮನೆಗಳೂ ಇದ್ದವು. ಸತ್ತವರ ಮೊಬೈಲಿನಲ್ಲಿ ಉಳಿದಿದ್ದ ಹಳೆಯ ಸಂದೇಶವನ್ನು ಓದುಬಲ್ಲ ಹುಡುಗನೊಬ್ಬ ತೆರೆದು ನೋಡಿದಾಗ ಮಾದರಿ ಸಂಗ್ರಹದ ಸಂಖ್ಯೆ ಸಿಕ್ಕಿ, ಅದರ ಜಾಡು ಹಿಡಿದು ಪಿ ನಂಬರ್ ಪಡೆದ ಪ್ರಕರಣವೂ ಇದೆ.

ಹಲವರ ಅರ್ಜಿಯನ್ನು ಕಚೇರಿಯ ಕಿಟಕಿಯಲ್ಲಿ ಹಿಂದಿರುಗಿಸಿದ್ದು ಒಂದೇ ಕಾರಣ ಹೇಳಿ: ಮರಣ ಪ್ರಮಾಣಪತ್ರದಲ್ಲಿ ಕೋವಿಡ್ ಎಂದು ನಮೂದಾಗಿಲ್ಲ. ಶಿಕ್ಷಕರು 1969ರ ಜನನ ಮರಣ ನೋಂದಣಿ ಕಾಯ್ದೆಯನ್ನು ತೆರೆದು ಓದಿದಾಗ ಈ ಆಕ್ಷೇಪದಲ್ಲಿ ಹುರುಳಿಲ್ಲವೆಂದು ಗೊತ್ತಾಯಿತು. ಆ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಮರಣದ ನೋಂದಣಿಯಿಂದ ಸಾರ್ವಜನಿಕರಿಗೆ ಕೊಡುವ ಪ್ರತಿಯಲ್ಲಿ ಸಾವಿನ ಕಾರಣವನ್ನು ಬಹಿರಂಗಪಡಿಸುವಂತೆಯೇ ಇಲ್ಲ. ಕಾರಣವನ್ನು ಬರೆಯುವುದು ವೈದ್ಯರು ಭರ್ತಿ ಮಾಡುವ ಪ್ರತ್ಯೇಕ ನಮೂನೆಯಲ್ಲಿ. ಆಸ್ಪತ್ರೆಯ ಸಾವಿಗೆ ನಮೂನೆ 4, ಹೊರಗಿನ ಸಾವಿಗೆ ನಮೂನೆ 4ಎ. ಹಳ್ಳಿಗಳಲ್ಲಿ ಆಗ ಮರಣ ನೋಂದಣಿ ಮಾಡುತ್ತಿದ್ದ ಗ್ರಾಮ ಲೆಕ್ಕಾಧಿಕಾರಿಯವರು ಮನಸ್ಸು ಮಾಡಿದರೂ ಪ್ರಮಾಣಪತ್ರದಲ್ಲಿ ಕೋವಿಡ್ ಎಂದು ಬರೆದುಕೊಡುವಂತಿರಲಿಲ್ಲ. ಇಷ್ಟಾದರೂ ಜನ ಅದನ್ನೇ ಬರೆಸಿಕೊಂಡು ಬರಲು ಅವರ ಬಳಿಗೂ ತಾಲ್ಲೂಕಿಗೂ ತಿರುಗುತ್ತಿದ್ದರು. ಪಡಸಾಲೆಯಲ್ಲಿ ಕುಳಿತಿದ್ದ ಒಬ್ಬ ಹೆಣ್ಣುಮಗಳು ಶಿಕ್ಷಕರನ್ನು ಕೇಳಿದ ಮಾತು ನನಗೆ ಹಾಗೆಯೇ ನೆನಪಿದೆ: “ಗುರುಗಳ, ಅದರಾಗ ಯಾವ ರೋಗಕ್ಕ ಸತ್ರು ಅಂತ ಬರಿಯೂದ ಇಲ್ಲಂದ್ರ, ಮತ್ತ ಅದನ್ನ ತಾ ಅಂತ ನನ್ನ ಯಾಕ ಕಳಸ್ತಾರ್ರೀ?”

2021ರ ಸೆಪ್ಟೆಂಬರ್ 3ರಂದು ಕೇಂದ್ರ ಆರೋಗ್ಯ ಸಚಿವಾಲಯ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊರಡಿಸಿದ ಮಾರ್ಗಸೂಚಿ ದಾರಿ ತೋರಿಸಿತು. ಪರೀಕ್ಷೆಯಲ್ಲಿ ಸೋಂಕು ದೃಢಪಟ್ಟ ದಿನದಿಂದ, ಅಥವಾ ವೈದ್ಯಕೀಯವಾಗಿ ಕೋವಿಡ್ ಎಂದು ನಿರ್ಧರಿಸಿದ ದಿನದಿಂದ, 30 ದಿನಗಳೊಳಗೆ ಸಂಭವಿಸಿದ ಸಾವನ್ನು, ಅದು ಆಸ್ಪತ್ರೆಯ ಹೊರಗೆ ಆಗಿದ್ದರೂ, ಕೋವಿಡ್ ಸಾವೆಂದು ಪರಿಗಣಿಸಬೇಕೆಂದು ಅದು ಹೇಳುತ್ತದೆ. ನಮೂನೆಯಲ್ಲಿ ಬರೆದ ಕಾರಣವನ್ನು ಒಪ್ಪದ ಕುಟುಂಬಗಳಿಗಾಗಿ ಪ್ರತಿ ಜಿಲ್ಲೆಯಲ್ಲಿ ಅಪರ ಜಿಲ್ಲಾಧಿಕಾರಿ, ಆರೋಗ್ಯಾಧಿಕಾರಿ ಮತ್ತು ತಜ್ಞ ವೈದ್ಯರನ್ನೊಳಗೊಂಡ ಸಮಿತಿ ಇರಬೇಕು, ಅದು 30 ದಿನಗಳಲ್ಲಿ ಅರ್ಜಿ ವಿಲೇವಾರಿ ಮಾಡಬೇಕು ಎಂದೂ ಅದರಲ್ಲಿದೆ. ಇದಾದ ಮೇಲೆ ಅಕ್ಟೋಬರ್ 4ರಂದು ನ್ಯಾಯಮೂರ್ತಿ ಎಂ.ಆರ್. ಶಾ ಮತ್ತು ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಅವರ ಪೀಠವು, ಮರಣ ಪ್ರಮಾಣಪತ್ರದಲ್ಲಿ ಕೋವಿಡ್ ಎಂದು ಇಲ್ಲವೆಂಬ ಒಂದೇ ಕಾರಣಕ್ಕೆ ಯಾವ ರಾಜ್ಯವೂ ಪರಿಹಾರ ನಿರಾಕರಿಸಬಾರದು, ದಾಖಲೆ ಸಲ್ಲಿಸಿದ 30 ದಿನಗಳಲ್ಲಿ ಹಣ ಪಾವತಿಯಾಗಬೇಕು ಎಂದು ಸ್ಪಷ್ಟವಾಗಿ ಆದೇಶಿಸಿತು.

ದೆಹಲಿಯ ಆದೇಶ ತಾಲ್ಲೂಕಿನ ಕಿಟಕಿಗೆ ತಾನಾಗಿ ಬರುವುದಿಲ್ಲ. ಕಾಲೇಜು ಓದುತ್ತಿದ್ದ ಇಬ್ಬರು ಹುಡುಗರು ಅದರ ಮುಖ್ಯ ಭಾಗವನ್ನು ಒಂದು ಪುಟದ ಕನ್ನಡಕ್ಕೆ ತಂದರು. ಆ ಪುಟದ ಜೆರಾಕ್ಸನ್ನು ಪ್ರತಿ ಅರ್ಜಿಗೂ ಲಗತ್ತಿಸಲಾಯಿತು. ಅದರೊಂದಿಗೆ ಇನ್ನೊಂದು ನಿಯಮವನ್ನು ಊರಿನವರು ತಾವೇ ಹಾಕಿಕೊಂಡರು. ಅರ್ಜಿ ಕೊಟ್ಟಾಗ ಸ್ವೀಕೃತಿ ಪಡೆಯದೆ ಬರಬಾರದು. ತಿರಸ್ಕರಿಸಿದರೆ ಕಾರಣ ಬರೆದ ಹಿಂಬರಹ ಕೇಳಬೇಕು. ಈ ಹೋರಾಟದಲ್ಲಿ ಎಲ್ಲಕ್ಕಿಂತ ಹೆಚ್ಚು ಪರಿಣಾಮ ಮಾಡಿದ್ದು ಇದೇ ಎಂದು ನಾನು ನಂಬುತ್ತೇನೆ. ಬಾಯಿಮಾತಿನಲ್ಲಿ “ಇದು ಆಗೂದಿಲ್ಲ, ಹೋಗ್ರಿ” ಎಂದು ಹೇಳಿ ಕಳುಹಿಸಿದ ಅರ್ಜಿಯ ಬಗ್ಗೆ ಮೇಲ್ಮನವಿ ಸಲ್ಲಿಸಲು ಏನೂ ಆಧಾರವಿರುವುದಿಲ್ಲ; ಕಡತದಲ್ಲಿ ಆ ಮನುಷ್ಯ ಬಂದು ಹೋದ ಗುರುತೂ ಇರುವುದಿಲ್ಲ. ಅದೇ ಕಾರಣವನ್ನು ಬರೆದು ಸಹಿ ಹಾಕಬೇಕಾಗಿ ಬಂದಾಗ, ಸುಪ್ರೀಂ ಕೋರ್ಟಿನ ಆದೇಶದ ಪ್ರತಿ ಅರ್ಜಿಯ ಹಿಂದೆಯೇ ಇರುವಾಗ, ಅದನ್ನು ಬರೆಯಲು ಯಾರೂ ಮುಂದಾಗಲಿಲ್ಲ. ಹಿಂದಿರುಗಿಸಿದ್ದ ಅರ್ಜಿಗಳನ್ನು ಕಚೇರಿ ಮತ್ತೆ ತೆಗೆದುಕೊಂಡಿತು. ಇಲ್ಲಿ ಕಿಟಕಿಯ ಸಿಬ್ಬಂದಿಯನ್ನು ಕೆಟ್ಟವರೆಂದು ಚಿತ್ರಿಸುವುದು ನ್ಯಾಯವಲ್ಲ. ಪಿಂಚಣಿ, ಜಾತಿ ಆದಾಯ ಪ್ರಮಾಣಪತ್ರ, ನೆರೆ ಪರಿಹಾರ ಎಲ್ಲವನ್ನೂ ಅದೇ ಕೆಲವರು ನೋಡುತ್ತಿದ್ದರು. ಬದಲಾಗುತ್ತಲೇ ಇದ್ದ ನಿಯಮಗಳನ್ನು ಅವರಿಗೆ ಯಾರೂ ಕೂರಿಸಿಕೊಂಡು ವಿವರಿಸಿರಲಿಲ್ಲ.

ಗ್ರಾಮಸಭೆಯ ಠರಾವು

2020ರ ಡಿಸೆಂಬರಿನ ಚುನಾವಣೆಯಲ್ಲಿ ಗೆದ್ದ ಹೊಸ ಪಂಚಾಯಿತಿ ಸದಸ್ಯರಲ್ಲಿ ಕೆಲವರಿಗೆ ಈ ವಿಷಯದಲ್ಲಿ ಕೈಹಾಕಲು ಆರಂಭದಲ್ಲಿ ಹಿಂಜರಿಕೆಯಿತ್ತು. ಯಾರ ಮನೆಗೆ ಹಣ ಬಂತು, ಯಾರ ಮನೆಗೆ ಬರಲಿಲ್ಲ ಎಂಬುದು ಊರಿನಲ್ಲಿ ಜಗಳಕ್ಕೆ ಕಾರಣವಾಗುತ್ತದೆಂಬ ಅವರ ಅಂಜಿಕೆ ಸುಳ್ಳಾಗಿರಲಿಲ್ಲ. ಅತ್ತೆ ಮತ್ತು ಸೊಸೆಯ ನಡುವೆ ವಾರಸುದಾರಿಕೆಯ ತಂಟೆ ಎದ್ದು, ಹಿರಿಯರು ಕೂತು ಬಗೆಹರಿಸಬೇಕಾದ ಮನೆಯೊಂದು ಇತ್ತು. ಕೊನೆಗೆ ಗ್ರಾಮಸಭೆಯಲ್ಲಿ ಠರಾವು ಪಾಸಾಯಿತು. ಎರಡನೆಯ ಅಲೆಯಲ್ಲಿ ತೀರಿಕೊಂಡ ಪ್ರತಿಯೊಬ್ಬರ ಸಾವಿನ ದಿನಾಂಕ, ಸ್ಥಳ, ರೋಗಲಕ್ಷಣ, ಚಿಕಿತ್ಸೆ ಪಡೆದ ಆಸ್ಪತ್ರೆ ಇವನ್ನು ಪಟ್ಟಿ ಮಾಡಿ, ಸಂದೇಹವಿರುವ ಪ್ರಕರಣಗಳನ್ನು ಜಿಲ್ಲಾ ಸಮಿತಿ ಪರಿಶೀಲಿಸಬೇಕೆಂದು ಅದರಲ್ಲಿ ಕೋರಲಾಯಿತು.

ಆ ಪಟ್ಟಿ ತಯಾರಿಸುವಾಗ ಎದ್ದು ಕಂಡ ಸಂಗತಿಯೆಂದರೆ, ಬೇಕಾದ ಮಾಹಿತಿ ಸರ್ಕಾರದ ಬಳಿ ಮೊದಲೇ ಇತ್ತು. ಆಶಾ ಕಾರ್ಯಕರ್ತೆ ದಿನವೂ ಮನೆಮನೆಗೆ ಹೋಗಿ ಜ್ವರ, ಕೆಮ್ಮು, ಆಮ್ಲಜನಕದ ಪ್ರಮಾಣ ಬರೆದುಕೊಂಡಿದ್ದರು. ಪಂಚಾಯಿತಿಯ ಕೋವಿಡ್ ಕಾರ್ಯಪಡೆ ಆ ವಿವರವನ್ನು ಮೇಲಕ್ಕೆ ಕಳುಹಿಸಿತ್ತು. ಸಾವಿನ ಲೆಕ್ಕವನ್ನು ಸಂಜೆಯೊಳಗೆ ಮೇಲಕ್ಕೆ ಕಳುಹಿಸಲು ಸಾಧ್ಯವಾಗಿದ್ದ ವ್ಯವಸ್ಥೆಗೆ, ಪರಿಹಾರದ ಹೊತ್ತಿನಲ್ಲಿ ಅದೇ ದಾಖಲೆಯನ್ನು ಹಿಡಿದು ಮನೆಗೆ ಬರಲು ಏಕೆ ಸಾಧ್ಯವಾಗಲಿಲ್ಲ ಎಂಬ ಪ್ರಶ್ನೆಯನ್ನು ಗ್ರಾಮಸಭೆಯಲ್ಲಿ ಮಹಿಳೆಯರು ಎತ್ತಿದರು. ಅದಕ್ಕೆ ಅಲ್ಲಿದ್ದ ಯಾರ ಬಳಿಯೂ ಉತ್ತರವಿರಲಿಲ್ಲ. ಇದೇ ವಿಚಾರ ಸುಪ್ರೀಂ ಕೋರ್ಟಿನ ಮುಂದೆಯೂ ಬಂದು, ಅರ್ಜಿ ಹಾಕದೆ ಉಳಿದ ಕುಟುಂಬಗಳನ್ನು ತಲುಪಲು ಕಾನೂನು ಸೇವಾ ಪ್ರಾಧಿಕಾರಗಳ ನೆರವು ಪಡೆಯಬೇಕು, ತಾಂತ್ರಿಕ ಕಾರಣಕ್ಕೆ ಅರ್ಜಿ ತಿರಸ್ಕರಿಸಬಾರದು ಎಂದು ಪೀಠವು 2022ರ ಜನವರಿಯಲ್ಲಿ ರಾಜ್ಯಗಳಿಗೆ ಹೇಳಬೇಕಾಯಿತು. ಮಾರ್ಚ್ 24ರಂದು ಅರ್ಜಿ ಸಲ್ಲಿಸಲು ಗಡುವೂ ನಿಗದಿಯಾಯಿತು: ಮಾರ್ಚ್ 20ಕ್ಕಿಂತ ಮೊದಲು ಸಂಭವಿಸಿದ ಸಾವುಗಳಿಗೆ 60 ದಿನ, ಆನಂತರದ ಸಾವುಗಳಿಗೆ 90 ದಿನ. ಈ ಗಡುವಿನ ಸುದ್ದಿ ತಿಳಿದ ಮೇಲೆ, ಸಂಕೋಚದಿಂದ ಅಲ್ಲಿಯವರೆಗೆ ಹೊರಗುಳಿದಿದ್ದ ಮನೆಗಳೂ ಮುಂದೆ ಬಂದವು.

ಬಂದದ್ದು, ಬಾರದಿದ್ದುದು

ಪಿ ನಂಬರ್ ಇದ್ದ ಮನೆಗಳಿಗೆ ಎರಡೂ ಮೊತ್ತಗಳು ಬಂದವು. ಕೊನೆಯ ವರದಿ ನೆಗೆಟಿವ್ ಇದ್ದವರ ಅರ್ಜಿ ಜಿಲ್ಲಾ ಸಮಿತಿಗೆ ಹೋಗಿ, ಮೊದಲ ಪಾಸಿಟಿವ್ ವರದಿಯ ದಿನಾಂಕದಿಂದ 30 ದಿನದೊಳಗಿನ ಸಾವೆಂದು ಮಂಜೂರಾಯಿತು. ಆ ಮನೆಯ ಮಗ ವರದಿಯನ್ನೂ ಬಿಡುಗಡೆಯ ಸಾರಾಂಶವನ್ನೂ ದಿನಾಂಕದ ಕ್ರಮದಲ್ಲಿ ಹೊಲಿದು ಒಯ್ದಿದ್ದರಿಂದ ಸಮಿತಿಯ ಮುಂದೆ ಹೆಚ್ಚು ಮಾತಿಗೆ ಅವಕಾಶವೇ ಬರಲಿಲ್ಲ.

ಸೊಲ್ಲಾಪುರದಲ್ಲಿ ತೀರಿಕೊಂಡ ಒಬ್ಬರ ಪತ್ನಿ, ಅಲ್ಲಿಯ ಬೀಗರ ಸಹಾಯದಿಂದ ಮಹಾರಾಷ್ಟ್ರ ಸರ್ಕಾರಕ್ಕೆ ಅರ್ಜಿ ಹಾಕಿ 50,000 ರೂಪಾಯಿ ಪಡೆದರು. ಕರ್ನಾಟಕದ ಒಂದು ಲಕ್ಷಕ್ಕೆ ಮಾತ್ರ ಪಿ ನಂಬರಿನ ಕಾಲಂ ಅಡ್ಡ ಬಂತು. ಅವರು ಕರ್ನಾಟಕದ ಪಡಿತರ ಚೀಟಿದಾರರು, ಕರ್ನಾಟಕದ ಮತದಾರರು. ಗಂಡನಿಗೆ ಸೋಂಕು ತಗುಲಿದ್ದು ಕೂಡ ಇದೇ ಊರಿನಲ್ಲಿ. ಬೆಳಗಾವಿಯಿಂದ ಬೀದರ್‌ವರೆಗೆ ಗಡಿಯಲ್ಲಿ ಬದುಕುವ ಜನ ಮಿರಜ್, ಸಾಂಗ್ಲಿ, ಸೊಲ್ಲಾಪುರಗಳ ಆಸ್ಪತ್ರೆಗಳಿಗೆ ಹೋಗುವುದು ಸರ್ಕಾರಕ್ಕೆ ಹೊಸ ವಿಷಯವಲ್ಲ. ಹಾಗಿರುವಾಗ, ಹೊರರಾಜ್ಯದ ಆಸ್ಪತ್ರೆಯ ದಾಖಲೆಯನ್ನು ಪಿ ನಂಬರಿಗೆ ಸಮನಾಗಿ ಒಪ್ಪಿಕೊಳ್ಳುವ ಒಂದು ಸಾಲನ್ನು ಯೋಜನೆಯಲ್ಲಿಯೇ ಸೇರಿಸಬೇಕಿತ್ತು.

ಎಲ್ಲಕ್ಕಿಂತ ಕಠಿಣವಾದದ್ದು ಮನೆಯಲ್ಲಿ ತೀರಿಕೊಂಡವರ ಪ್ರಕರಣ. ಆತ ದ್ರಾಕ್ಷಿ ತೋಟದ ಕೂಲಿಗಾರ. ಜ್ವರ ಬಂದ ಐದಾರು ದಿನಕ್ಕೆ ಸ್ಕ್ಯಾನ್ ಆಯಿತು. ಪುಪ್ಪುಸಕ್ಕೆ ತೀವ್ರ ಸೋಂಕು ತಗುಲಿದೆಯೆಂದು ವರದಿಯಲ್ಲಿತ್ತು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ಮನೆಗೆ ತಂದರು, ಎರಡನೆಯ ದಿನ ಪ್ರಾಣ ಹೋಯಿತು. ಮಾರ್ಗಸೂಚಿಯಲ್ಲಿ ವೈದ್ಯಕೀಯ ನಿರ್ಧಾರವೆಂದರೆ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ದಾಖಲಾದಾಗ ನಡೆದ ತಪಾಸಣೆಗಳಿಂದ ಬಂದ ನಿರ್ಧಾರ. ಈತ ಒಳರೋಗಿಯಾಗಿರಲಿಲ್ಲ, ಪರೀಕ್ಷೆಯ ವರದಿಯೂ ಇರಲಿಲ್ಲ. ಲಾಕ್‌ಡೌನಿನಲ್ಲಿ 30 ದಿನಗಳ ಅವಧಿ ಮೀರಿ ಮರಣ ನೋಂದಣಿಯಾಗಿದ್ದರಿಂದ ಅದಕ್ಕೂ ಬೇರೆ ಅಫಿಡವಿಟ್ಟು, ಅನುಮತಿ ಬೇಕಾದವು. ಸಮಿತಿಯು ಸ್ಕ್ಯಾನ್ ಫಿಲ್ಮನ್ನು ನೋಡಿ, ಕೋವಿಡ್ ಇರುವ ಸಾಧ್ಯತೆಯನ್ನು ಅಲ್ಲಗಳೆಯದೆ, ನಿಯಮದ ಚೌಕಟ್ಟಿನಲ್ಲಿ ಬರುವುದಿಲ್ಲವೆಂದು ಲಿಖಿತ ಉತ್ತರ ಕೊಟ್ಟಿತು. ಹಾಸಿಗೆ ಕೊಡಲಾಗದ ವ್ಯವಸ್ಥೆಯೇ, ಹಾಸಿಗೆಯಲ್ಲಿ ದಾಖಲಾಗಿರಲಿಲ್ಲವೆಂಬ ಕಾರಣಕ್ಕೆ ಪರಿಹಾರವನ್ನೂ ನಿರಾಕರಿಸುವುದು ಅನ್ಯಾಯ. ಸಮಿತಿಯ ಸದಸ್ಯರ ಕೈಯಲ್ಲಿ ಆ ಅನ್ಯಾಯವನ್ನು ಸರಿಪಡಿಸುವ ಅಧಿಕಾರ ಇರಲಿಲ್ಲ ಎಂಬುದೂ ನಿಜ. ನಿಯಮ ಬರೆದವರು ನಮ್ಮ ಹಳ್ಳಿಗಳ ಆ ಏಪ್ರಿಲ್, ಮೇ ತಿಂಗಳುಗಳನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ.

ಊರಿನವರು ಈ ಪ್ರಕರಣವನ್ನು ಅಲ್ಲಿಗೆ ಬಿಡಲಿಲ್ಲ. ಗ್ರಾಮಸಭೆಯ ಎರಡನೆಯ ಠರಾವಿನಲ್ಲಿ ಎರಡು ಬೇಡಿಕೆಗಳು ಮಾತ್ರ ಇದ್ದವು. ಮನೆಯಲ್ಲಿ ಸಂಭವಿಸಿದ ಸಾವಿಗೆ ಸ್ಕ್ಯಾನ್ ವರದಿ, ಆಶಾ ಕಾರ್ಯಕರ್ತೆಯ ದಾಖಲೆ ಮತ್ತು ಪಂಚನಾಮೆಯನ್ನು ಸಾಕ್ಷ್ಯವೆಂದು ಒಪ್ಪಬೇಕು; ಗಡಿಯಾಚೆಯ ಆಸ್ಪತ್ರೆಯ ಮರಣ ದಾಖಲೆಗೆ ರಾಜ್ಯದ ಯೋಜನೆಯಲ್ಲಿ ಮಾನ್ಯತೆ ಕೊಡಬೇಕು. ಮೊದಲನೆಯದನ್ನು ಆರೋಗ್ಯ ಇಲಾಖೆಗೆ, ಎರಡನೆಯದನ್ನು ಕಂದಾಯ ಇಲಾಖೆಗೆ, ಪ್ರತ್ಯೇಕ ಹಾಳೆಗಳಲ್ಲಿ, ಸ್ವೀಕೃತಿ ಪಡೆದು ಸಲ್ಲಿಸಲಾಯಿತು. ಕೂಲಿಗಾರನ ಪತ್ನಿಯ ಅರ್ಜಿಯನ್ನು ಸಮಿತಿಯ ಲಿಖಿತ ಉತ್ತರದೊಂದಿಗೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳುಹಿಸಲಾಗಿದೆ. ಆಕೆಗೆ ವಿಧವಾ ವೇತನ ಮಂಜೂರಾಗಿದೆ. ಕೋವಿಡ್ ಪರಿಹಾರ ಬಂದಿಲ್ಲ.